ಶಿಕ್ಷೆ ಮುಗಿಯಿತು, ಓಟು ಮರಳಿತೇ? ಅಮೆರಿಕದಲ್ಲಿ ಕಳೆದುಕೊಂಡ ಮತದ ಹಕ್ಕನ್ನು ಹಿಂದೆ ಪಡೆಯುವ ಹಾದಿ

2024ರ ನವೆಂಬರ್ 5ರಂದು ಡೊನಾಲ್ಡ್ ಟ್ರಂಪ್ ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ ಮತ ಹಾಕಿ ಹೊರಗೆ ಬಂದದ್ದನ್ನು ಟಿವಿಯಲ್ಲಿ ನೋಡುತ್ತಿದ್ದ ಅಮ್ಮ ಥಟ್ಟನೆ ಕೇಳಿದರು: “ಅಲ್ಲಾ, ಇವರ ಮೇಲಿನ ಕೇಸು ಸಾಬೀತಾಯ್ತು ಅಂತ ಪೇಪರಲ್ಲಿ ಬಂದಿತ್ತಲ್ಲ? ಮತ್ತೆ ಓಟು ಹಾಕೋಕೆ ಹೇಗೆ ಬಿಟ್ರು?”

ಒಂದು ಸಾಲಿನಲ್ಲಿ ಉತ್ತರ ಕೊಡಲು ಹೋಗಿ ಸೋತೆ. ಆಮೇಲೆ ಓದುತ್ತಾ ಹೋದಂತೆ, ಅಮೆರಿಕದ ಲಕ್ಷಾಂತರ ಜನರನ್ನು ಕಾಡುವ ಪ್ರಶ್ನೆಯೂ ಇದೇ ಎಂದು ತಿಳಿಯಿತು. ಶಿಕ್ಷೆಯಾದ ಮೇಲೆ ನನಗೆ ಓಟು ಇದೆಯೋ ಇಲ್ಲವೋ? ಹೋಗಿದ್ದರೆ ಯಾವಾಗ ಮರಳುತ್ತದೆ? ಮರಳಿದೆ ಎಂದು ನನಗೆ ಹೇಳುವವರು ಯಾರು? ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ ಎಂಬುದು ನನ್ನ ಅನಿಸಿಕೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಅಮ್ಮನ ಪ್ರಶ್ನೆಗೆ ಉತ್ತರ. 2024ರ ಮೇ 30ರಂದು ನ್ಯೂಯಾರ್ಕ್‌ನ ಜ್ಯೂರಿ ಟ್ರಂಪ್ ಅವರನ್ನು 34 ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿತು. ಅವರ ಮನೆ ಇರುವುದು ಫ್ಲಾರಿಡಾದಲ್ಲಿ. ಈ ವಿಷಯದಲ್ಲಿ ಅಮೆರಿಕದ ಅತಿ ಬಿಗಿ ರಾಜ್ಯಗಳಲ್ಲಿ ಅದೂ ಒಂದು. ಆದರೆ ಬೇರೆ ರಾಜ್ಯದ ಕೋರ್ಟಿನಲ್ಲಿ ಅಪರಾಧ ಸಾಬೀತಾಗಿದ್ದರೆ ಫ್ಲಾರಿಡಾ ತನ್ನ ನಿಯಮ ಹಚ್ಚುವುದಿಲ್ಲ, ಆ ರಾಜ್ಯದ ನಿಯಮವನ್ನೇ ನೋಡುತ್ತದೆ. ನ್ಯೂಯಾರ್ಕ್‌ನಲ್ಲಿ 2021ರಿಂದೀಚೆಗೆ ಜೈಲಿನೊಳಗೆ ಇರುವವರೆಗೆ ಮಾತ್ರ ಮತದ ಹಕ್ಕು ಇರುವುದಿಲ್ಲ. ಟ್ರಂಪ್ ಜೈಲಿನಲ್ಲಿರಲಿಲ್ಲ, ಹಾಗಾಗಿ ಮತ ಹಾಕಿದರು. ಇದು ಅವರೊಬ್ಬರಿಗೆ ಕೊಟ್ಟ ವಿನಾಯಿತಿಯಲ್ಲ, ಯಾರಿಗಾದರೂ ಇದೇ ನಿಯಮ. ಆದರೆ ಅದೇ ಊರಿನ ಇನ್ನೊಬ್ಬ, ಹದಿನೈದು ವರ್ಷಗಳ ಹಿಂದೆ ಫ್ಲಾರಿಡಾದ ಕೋರ್ಟಿನಲ್ಲೇ ಶಿಕ್ಷೆಯಾಗಿ, ಜೈಲುವಾಸ ಮುಗಿಸಿ, ಕೆಲಸಕ್ಕೆ ಸೇರಿ, ಮಕ್ಕಳನ್ನು ಓದಿಸುತ್ತಿರುವವನು, ಕೋರ್ಟಿನ ಶುಲ್ಕ ಕೆಲವು ನೂರು ಡಾಲರ್ ಬಾಕಿ ಉಳಿಸಿಕೊಂಡಿದ್ದರೆ ಅಂದು ಮತ ಹಾಕುವಂತಿರಲಿಲ್ಲ. ಗೊತ್ತಿದ್ದೂ ಹಾಕಿದರೆ ಅದು ಹೊಸ ಅಪರಾಧ.

ಮುಂದೆ ಹೋಗುವ ಮೊದಲು ಕೆಲವು ಪದಗಳನ್ನು ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಅಪರಾಧಗಳನ್ನು ಸ್ಥೂಲವಾಗಿ ಎರಡು ಭಾಗ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸ ವಿಧಿಸಬಹುದಾದದ್ದು ಫೆಲನಿ, ಅದಕ್ಕಿಂತ ಚಿಕ್ಕದು ಮಿಸ್‌ಡಿಮೀನರ್. ಫೆಲನಿ ಎಂದ ಕೂಡಲೇ ಕೊಲೆ, ದರೋಡೆ ಎಂದುಕೊಳ್ಳಬೇಡಿ. ಮಾದಕವಸ್ತು ಇಟ್ಟುಕೊಂಡಿದ್ದು, ಖೋಟಾ ಚೆಕ್ಕು, ಒಂದು ಮಿತಿ ಮೀರಿದ ಮೌಲ್ಯದ ಕಳ್ಳತನ, ಎಲ್ಲವೂ ಅದರಲ್ಲಿ ಬರುತ್ತವೆ. ಪ್ರೊಬೇಷನ್ ಎಂದರೆ ಜೈಲಿನ ಬದಲು ಅಥವಾ ಜೈಲಿನ ಜೊತೆಗೆ ಹೊರಗೆ ಅಧಿಕಾರಿಯ ನಿಗಾದಲ್ಲಿ ಇರುವುದು. ಪೆರೋಲ್ ಪದದ ಬಗ್ಗೆ ಮಾತ್ರ ನಾವು ಎಚ್ಚರದಿಂದಿರಬೇಕು. ನಮ್ಮಲ್ಲಿ ಪೆರೋಲ್ ಎಂದರೆ ಮಗಳ ಮದುವೆಗೋ ತಾಯಿಯ ಅಂತ್ಯಕ್ರಿಯೆಗೋ ಕೆಲವು ದಿನ ಹೊರಗೆ ಬಂದು ಮತ್ತೆ ಜೈಲಿಗೆ ಮರಳುವುದು. ಅಲ್ಲಿ ಪೆರೋಲ್ ಎಂದರೆ ಅವಧಿಗೆ ಮೊದಲೇ ಷರತ್ತಿನ ಮೇಲೆ ಬಿಡುಗಡೆಯಾಗಿ, ಉಳಿದ ಅವಧಿಯನ್ನು ಹೊರಗೆ ನಿಗಾದಲ್ಲಿ ಕಳೆಯುವುದು. ಅದು ವರ್ಷಗಟ್ಟಲೆ ನಡೆಯಬಹುದು.

ಒಂದು ದೇಶ, ಹತ್ತಾರು ನಿಯಮ

ನಮ್ಮಲ್ಲಿ ಯಾರು ಮತ ಹಾಕಬಹುದು ಎಂಬುದನ್ನು ಸಂಸತ್ತು ಮಾಡಿದ ಒಂದೇ ಕಾನೂನು ಬೀದರ್‌ಗೂ ಬಾರಾಮುಲ್ಲಾಕ್ಕೂ ಸಮನಾಗಿ ಹೇಳುತ್ತದೆ. ಅಮೆರಿಕದಲ್ಲಿ ಅದು ರಾಜ್ಯಗಳ ಕೈಯಲ್ಲಿದೆ.

ಮೇಯ್ನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಶಿಕ್ಷೆಯಾದರೂ ಹಕ್ಕು ಹೋಗುವುದೇ ಇಲ್ಲ. ಕೈದಿ ತಾನು ಜೈಲಿಗೆ ಬರುವ ಮುನ್ನ ಎಲ್ಲಿ ವಾಸವಾಗಿದ್ದನೋ ಆ ಊರಿನ ಮತದಾರನಾಗಿಯೇ ಉಳಿದು, ಅಂಚೆ ಮೂಲಕ ಮತ ಕಳಿಸುತ್ತಾನೆ. ರಾಜಧಾನಿ ವಾಷಿಂಗ್ಟನ್ ಡಿ.ಸಿ. ಕೂಡ 2020ರಲ್ಲಿ ಈ ಸಾಲಿಗೆ ಸೇರಿತು. ಅರ್ಧದ ಹತ್ತಿರ ರಾಜ್ಯಗಳಲ್ಲಿ ಜೈಲಿನ ಬಾಗಿಲು ದಾಟಿದರೆ ಸಾಕು, ಹಕ್ಕು ತಾನಾಗಿ ಮರಳುತ್ತದೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮಿನೆಸೋಟಾ ಇಂಥವು. ಟೆಕ್ಸಾಸ್, ಜಾರ್ಜಿಯಾ, ನಾರ್ತ್ ಕ್ಯಾರೊಲೈನಾದಂಥ ಕಡೆ ಪೆರೋಲ್, ಪ್ರೊಬೇಷನ್ ಎರಡೂ ಮುಗಿಯಬೇಕು. ಉಳಿದ ಹತ್ತರಷ್ಟು ರಾಜ್ಯಗಳಲ್ಲಿ ಕೆಲವು ಅಪರಾಧಗಳಿಗೆ ಅಥವಾ ಎಲ್ಲ ಫೆಲನಿಗಳಿಗೂ ಹಕ್ಕು ಶಾಶ್ವತವಾಗಿ ಹೋಗುತ್ತದೆ. ರಾಜ್ಯಪಾಲರೋ ಕ್ಷಮಾದಾನ ಮಂಡಳಿಯೋ ಶಾಸನಸಭೆಯೋ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. (ಅಲ್ಲಿನ ರಾಜ್ಯಪಾಲರು ಜನರೇ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿರುವವರು.)

ದ ಸೆಂಟೆನ್ಸಿಂಗ್ ಪ್ರಾಜೆಕ್ಟ್ ಎಂಬ ಸಂಸ್ಥೆಯ 2024ರ ಅಂದಾಜಿನ ಪ್ರಕಾರ ಹೀಗೆ ಮತವಿಲ್ಲದವರು ಸುಮಾರು 40 ಲಕ್ಷ. 2016ರಲ್ಲಿ ಇದೇ ಸಂಖ್ಯೆ 61 ಲಕ್ಷ ಇತ್ತು. ಇಳಿದಿದೆ ನಿಜ, ಆದರೂ ಇವರಲ್ಲಿ ಹೆಚ್ಚಿನವರು ಜೈಲಿನಲ್ಲಿಲ್ಲ ಎಂಬುದನ್ನು ಗಮನಿಸಬೇಕು. ಬಸ್ಸಿಗೆ ಕಾಯುವವರ ನಡುವೆ, ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರೇ ಅವರು. ತೆರಿಗೆಯನ್ನೂ ಕಟ್ಟುತ್ತಾರೆ.

ಬೇರು ಎಲ್ಲಿದೆ

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ವಯಸ್ಕ ಪುರುಷರಿಗೆ ಮತ ನಿರಾಕರಿಸುವ ರಾಜ್ಯಕ್ಕೆ ಸಂಸತ್ತಿನಲ್ಲಿ ಪ್ರಾತಿನಿಧ್ಯ ಕಡಿಮೆಯಾಗುತ್ತದೆ ಎಂದು ಅದರ ಎರಡನೇ ಭಾಗ ಹೇಳಿತು. ಆದರೆ ದಂಗೆ ‘ಅಥವಾ ಇತರ ಅಪರಾಧ’ದಲ್ಲಿ ಭಾಗಿಯಾದವರನ್ನು ಆ ಮಾತಿನಿಂದ ಹೊರಗಿಟ್ಟಿತು. ದಕ್ಷಿಣದ ಹಲವು ರಾಜ್ಯಗಳು ಈ ಕಿಂಡಿಯನ್ನು ಹೆಬ್ಬಾಗಿಲು ಮಾಡಿಕೊಂಡವು. 1890ರ ಮಿಸಿಸಿಪ್ಪಿ ಸಂವಿಧಾನ ಮತ ಕಳೆಯುವ ಅಪರಾಧಗಳ ಪಟ್ಟಿಯನ್ನೇ ಮಾಡಿತು. ಅದರಲ್ಲಿ ಕಳ್ಳತನ, ಖೋಟಾ ಸಹಿ, ದ್ವಿಪತ್ನಿತ್ವ ಎಲ್ಲ ಇದ್ದವು, ಕೊಲೆ ಮತ್ತು ಅತ್ಯಾಚಾರ ಇರಲಿಲ್ಲ. ಅವು ಸೇರಿದ್ದು 1968ರಲ್ಲಿ! ಕಪ್ಪುಜನರು ಯಾವ ಅಪರಾಧಗಳಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆಂದು ಬಿಳಿಯ ಶಾಸಕರು ಭಾವಿಸಿದ್ದರೋ ಅವನ್ನು ಆರಿಸಿಟ್ಟಿದ್ದರು. 1901ರ ಅಲಬಾಮಾ ಸಂವಿಧಾನ ಸಭೆಯ ಅಧ್ಯಕ್ಷ ಜಾನ್ ನಾಕ್ಸ್, ಕಾನೂನಿನ ಮೂಲಕ ಬಿಳಿಯರ ಮೇಲುಗೈಯನ್ನು ಸ್ಥಾಪಿಸುವುದೇ ತಮ್ಮ ಉದ್ದೇಶ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು.

1974ರಲ್ಲಿ ರಿಚರ್ಡ್‌ಸನ್ ವಿರುದ್ಧ ರಮಿರೆಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ‘ಇತರ ಅಪರಾಧ’ ಎಂಬ ಆ ಎರಡು ಪದಗಳ ಆಧಾರದಲ್ಲೇ ಶಿಕ್ಷೆ ಮುಗಿದವರ ಮತವನ್ನೂ ರಾಜ್ಯಗಳು ಕಿತ್ತುಕೊಳ್ಳಬಹುದು ಎಂದಿತು. ಜನಾಂಗದ್ವೇಷದ ಉದ್ದೇಶ ಸಾಬೀತಾದರೆ ಮಾತ್ರ ನಿಯಮ ಬೀಳುತ್ತದೆ. 1985ರಲ್ಲಿ ಅಲಬಾಮಾದ ಒಂದು ನಿಯಮ ಬಿದ್ದದ್ದು ಹಾಗೆ. ಹಾಗಾಗಿ ಈ ಹೋರಾಟ ರಾಜ್ಯದಿಂದ ರಾಜ್ಯಕ್ಕೆ, ಶಾಸನಸಭೆಯಿಂದ ಶಾಸನಸಭೆಗೆ ಸಾಗಬೇಕಾಯಿತು.

ಫ್ಲಾರಿಡಾದ ಕತೆ

ಇದನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹಕ್ಕು ಗೆಲ್ಲುವುದು ಬೇರೆ, ಅದು ಕೈಗೆ ಸಿಗುವುದು ಬೇರೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಫ್ಲಾರಿಡಾದಲ್ಲಿ 2019ರ ಆರಂಭದವರೆಗೂ ಫೆಲನಿ ಎಂದರೆ ಆಜೀವ ಮತ ನಷ್ಟವಾಗಿತ್ತು. 1868ರ ರಾಜ್ಯ ಸಂವಿಧಾನದ ಕಾಲದ ನಿಯಮ ಅದು. 2000ದ ಚುನಾವಣೆಯಲ್ಲಿ ಜಾರ್ಜ್ ಬುಷ್ ಅಲ್ಲಿ ಗೆದ್ದದ್ದು 537 ಮತಗಳಿಂದ, ಆ ಗೆಲುವಿನಿಂದಲೇ ಅವರು ಅಧ್ಯಕ್ಷರಾದರು. ಆ ಚುನಾವಣೆಗೆ ಮುನ್ನ ಮತಪಟ್ಟಿಯಿಂದ ಫೆಲನಿ ಆದವರನ್ನು ತೆಗೆಯಲು ಮಾಡಿದ ಯಾದಿಯಲ್ಲಿ, ಬರೀ ಹೆಸರು ಹೋಲುತ್ತದೆ ಎಂಬ ಕಾರಣಕ್ಕೆ ಏನೂ ತಪ್ಪು ಮಾಡದವರೂ ಸೇರಿದ್ದರು.

ಹಕ್ಕು ಮರಳಿ ಬೇಕಾದವರು ರಾಜ್ಯಪಾಲರೂ ಅವರ ಸಂಪುಟದ ಮೂವರೂ ಕೂರುವ ಕ್ಷಮಾದಾನ ಮಂಡಳಿಯ ಮುಂದೆ ಹೋಗಬೇಕಿತ್ತು. 2007ರಲ್ಲಿ ರಾಜ್ಯಪಾಲ ಚಾರ್ಲಿ ಕ್ರಿಸ್ಟ್ ಸಣ್ಣ ಅಪರಾಧಗಳವರಿಗೆ ದಾರಿ ಸುಲಭ ಮಾಡಿದ್ದರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಮತ ಮರಳಿತು. 2011ರಲ್ಲಿ ಬಂದ ರಿಕ್ ಸ್ಕಾಟ್ ಅದನ್ನು ತಿರುಗಿಸಿದರು. ಶಿಕ್ಷೆ ಮುಗಿದ ಮೇಲೆ ಐದು ಅಥವಾ ಏಳು ವರ್ಷ ಕಾದು ಅರ್ಜಿ ಹಾಕಬೇಕು, ಆಮೇಲೆ ರಾಜ್ಯದ ರಾಜಧಾನಿ ಟ್ಯಾಲಹಾಸಿಗೆ ಹೋಗಿ ಮಂಡಳಿಯ ಎದುರು ನಿಂತು ಬೇಡಿಕೊಳ್ಳಬೇಕು. ಕುಡಿಯುತ್ತೀರಾ, ಟ್ರಾಫಿಕ್ ದಂಡ ಕಟ್ಟಿದ್ದೀರಾ ಎಂದೆಲ್ಲ ಅಲ್ಲಿ ಕೇಳುತ್ತಿದ್ದರು. ಇದಕ್ಕೆ ಯಾವ ಮಾನದಂಡವೂ ಇಲ್ಲ, ನಮಗೆ ತೋಚಿದ್ದನ್ನು ಮಾಡಬಹುದು ಎಂಬರ್ಥದ ಮಾತನ್ನು ಸ್ಕಾಟ್ ಒಂದು ವಿಚಾರಣೆಯಲ್ಲಿ ತೆರೆದೇ ಹೇಳಿದ್ದರು. ಅವರ ಎಂಟು ವರ್ಷಗಳಲ್ಲಿ ಹಕ್ಕು ಸಿಕ್ಕಿದ್ದು ಮೂರು ಸಾವಿರದಷ್ಟು ಜನರಿಗೆ ಮಾತ್ರ.

ಡೆಸ್ಮಂಡ್ ಮೀಡ್ ಎಂಬವರು ಈ ಕಾಲದಲ್ಲಿ ಎದ್ದುನಿಂತವರು. ಮಾದಕ ವ್ಯಸನ, ಜೈಲು, ಬಿಡುಗಡೆ ಎಲ್ಲ ಆಗಿ 2005ರಲ್ಲಿ ಒಂದು ದಿನ ಸಾಯಬೇಕೆಂದು ರೈಲು ಹಳಿಯ ಮೇಲೆ ನಿಂತಿದ್ದರು. ರೈಲು ಬರಲಿಲ್ಲ. ಹಳಿ ದಾಟಿ ನಡೆದು ಚಿಕಿತ್ಸಾ ಕೇಂದ್ರ ಸೇರಿದರು, ಕಾಲೇಜು ಸೇರಿದರು, 2014ರಲ್ಲಿ ಕಾನೂನು ಪದವಿ ಪಡೆದರು. 2016ರಲ್ಲಿ ಅವರ ಹೆಂಡತಿ ಶೀನಾ ರಾಜ್ಯದ ಶಾಸನಸಭೆಗೆ ಸ್ಪರ್ಧಿಸಿದಾಗ ಸ್ವಂತ ಹೆಂಡತಿಗೆ ಮತ ಹಾಕಲು ಆ ವಕೀಲಿ ಓದಿದ ಗಂಡನಿಗೆ ಆಗಲಿಲ್ಲ.

ಮೀಡ್ ಮತ್ತು ಅವರ ಸಂಗಡಿಗರು ನೇರವಾಗಿ ಜನರ ಬಳಿಗೇ ಹೋದರು. ಫ್ಲಾರಿಡಾದಲ್ಲಿ ಸಾಕಷ್ಟು ಸಹಿ ಕೂಡಿಸಿದರೆ ಸಂವಿಧಾನ ತಿದ್ದುಪಡಿಯನ್ನು ಜನಮತಕ್ಕೆ ಹಾಕಬಹುದು. ಬೇಕಿದ್ದದ್ದು 7,66,200 ಸಹಿ, ಅದನ್ನು ಮೀರಿ ಕೂಡಿಸಿದರು. 2018ರ ನವೆಂಬರ್ 6ರಂದು ‘ನಾಲ್ಕನೇ ತಿದ್ದುಪಡಿ’ಗೆ ಶೇ 64.5ರಷ್ಟು ಮತ ಬಿತ್ತು. ಗೆಲ್ಲಲು ಶೇ 60 ಬೇಕಿತ್ತು. ಅಂದೇ ನಡೆದ ರಾಜ್ಯಪಾಲರ ಚುನಾವಣೆಯಲ್ಲಿ ಗೆದ್ದ ರಾನ್ ಡಿಸ್ಯಾಂಟಿಸ್‌ಗೆ ಬಿದ್ದದ್ದಕ್ಕಿಂತ ಹತ್ತು ಲಕ್ಷ ಹೆಚ್ಚು ಮತ ಈ ತಿದ್ದುಪಡಿಗೆ ಬಿದ್ದಿತ್ತು. ಎರಡೂ ಪಕ್ಷಗಳವರು ಹಾಕದೆ ಇಷ್ಟು ಆಗುತ್ತಿರಲಿಲ್ಲ. ಕೊಲೆ ಮತ್ತು ಲೈಂಗಿಕ ಅಪರಾಧದ ಫೆಲನಿಗಳನ್ನು ಬಿಟ್ಟು ಉಳಿದವರಿಗೆಲ್ಲ ‘ಪೆರೋಲ್, ಪ್ರೊಬೇಷನ್ ಸೇರಿದಂತೆ ಶಿಕ್ಷೆಯ ಎಲ್ಲ ಷರತ್ತುಗಳು ಪೂರ್ಣಗೊಂಡಾಗ’ ಮತದ ಹಕ್ಕು ಮರಳುತ್ತದೆ ಎಂಬುದು ಅದರ ಸಾರ. ಸುಮಾರು 14 ಲಕ್ಷ ಜನರಿಗೆ ಇದರ ಲಾಭ ಎಂದು ಅಂದಾಜಿಸಿದ್ದರು. 2019ರ ಜನವರಿ 8ರಂದು ಅದು ಜಾರಿಗೆ ಬಂದ ದಿನವೇ ಮೀಡ್ ತಮ್ಮ ಕುಟುಂಬದೊಂದಿಗೆ ಆರ್ಲಾಂಡೋದ ಚುನಾವಣಾ ಕಚೇರಿಗೆ ಹೋಗಿ ಮತದಾರರಾಗಿ ನೋಂದಾಯಿಸಿಕೊಂಡರು. ಕಣ್ಣೀರು ತಡೆದುಕೊಳ್ಳಲು ಅವರಿಂದ ಆಗಲಿಲ್ಲ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ‘ಎಲ್ಲ ಷರತ್ತುಗಳು’ ಎಂಬ ಎರಡು ಪದಗಳಲ್ಲಿ ಅದು ಮತ್ತೆ ಸಿಕ್ಕಿಕೊಂಡಿತು. ಅದೇ ವರ್ಷ ಜೂನ್‌ನಲ್ಲಿ ಡಿಸ್ಯಾಂಟಿಸ್ ಸಹಿ ಹಾಕಿದ ಕಾನೂನು, ಷರತ್ತು ಎಂದರೆ ಸೆರೆವಾಸ ಮಾತ್ರವಲ್ಲ, ತೀರ್ಪಿನಲ್ಲಿ ಬರೆದ ದಂಡ, ಕೋರ್ಟ್ ಶುಲ್ಕ, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ ಎಲ್ಲವೂ ಎಂದಿತು. ಒಂದು ಮಾತನ್ನು ಮುಚ್ಚಿಡಬಾರದು: ತಿದ್ದುಪಡಿಯ ಪರ ವಕೀಲರೇ 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಷರತ್ತುಗಳಲ್ಲಿ ಹಣದ ಬಾಧ್ಯತೆಯೂ ಸೇರುತ್ತದೆ ಎಂದು ಒಪ್ಪಿದ್ದರು. 2020ರ ಜನವರಿಯಲ್ಲಿ ಆ ಕೋರ್ಟೂ ಹಾಗೆಯೇ ಅರ್ಥ ಮಾಡಿತು. ಸಂತ್ರಸ್ತರಿಗೆ ಸೇರಬೇಕಾದ ಹಣ ಕೊಟ್ಟು ಬಾ ಎನ್ನುವುದರಲ್ಲಿ ನ್ಯಾಯವಿಲ್ಲ ಎಂದು ನಾನೂ ಹೇಳಲಾರೆ. ಆದರೆ ಬಾಕಿ ಎಷ್ಟು ಎಂದು ಹೇಳಲು ಸರ್ಕಾರಕ್ಕೇ ಆಗದಿದ್ದರೆ?

ಆ ಲೆಕ್ಕವನ್ನು ಹತ್ತಿರದಿಂದ ನೋಡಿ. ಫ್ಲಾರಿಡಾದಲ್ಲಿ ಒಬ್ಬನ ಮೇಲೆ ಫೆಲನಿ ಸಾಬೀತಾದರೆ, ನ್ಯಾಯಾಧೀಶರು ದಂಡ ಹಾಕದಿದ್ದರೂ ಕಾನೂನಿನ ಪ್ರಕಾರ ತಾನಾಗಿ ಬೀಳುವ ಶುಲ್ಕಗಳಿವೆ. ಸರ್ಕಾರಿ ವಕೀಲ ಬೇಕೆಂದು ಅರ್ಜಿ ಹಾಕಿದ್ದಕ್ಕೆ 50 ಡಾಲರ್, ಆ ವಕೀಲ ವಾದಿಸಿದ್ದಕ್ಕೆ ಕನಿಷ್ಠ 100, ಅವನ ವಿರುದ್ಧ ಮೊಕದ್ದಮೆ ನಡೆಸಿದ್ದರ ಖರ್ಚೆಂದು ಇನ್ನೊಂದು 100, ಆಮೇಲೆ ಬೇರೆ ಬೇರೆ ನಿಧಿಗಳಿಗೆ. ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಕನಿಷ್ಠವೇ 548 ಡಾಲರ್, ಸರ್ಕಾರಿ ವಕೀಲರಿದ್ದರೆ 698 ಆಗುತ್ತಿತ್ತು. ಅಂದರೆ ವಕೀಲರನ್ನಿಡಲು ದುಡ್ಡಿಲ್ಲದ ಬಡವನಿಗೇ ಬಾಕಿ ಜಾಸ್ತಿ. ಕಟ್ಟದೆ ಹೋದರೆ ಸಾಲ ವಸೂಲಿ ಏಜೆನ್ಸಿಗೆ ಹೋಗುತ್ತದೆ, ಅವರು ಮೇಲೆ ಶೇ 40ರವರೆಗೆ ತಮ್ಮ ಪಾಲು ಸೇರಿಸಬಹುದು. ಹತ್ತು ವರ್ಷದ ನಂತರ ಇದರಲ್ಲಿ ‘ತೀರ್ಪಿನಲ್ಲಿ ಬರೆದ’ ಮೊತ್ತ ಯಾವುದು, ಆಮೇಲೆ ಸೇರಿದ್ದು ಯಾವುದು, ಕಟ್ಟಿದ ಹಣ ಯಾವುದಕ್ಕೆ ಜಮೆಯಾಯಿತು? ಇದನ್ನೆಲ್ಲ ಒಂದೆಡೆ ಕೂಡಿಸಿಟ್ಟ ರಾಜ್ಯಮಟ್ಟದ ದಾಖಲೆ ಇರಲಿಲ್ಲ. ಹಳೆಯ ಕಡತಗಳು ಆಯಾ ಕೌಂಟಿಯ ಕೋರ್ಟ್ ಕಚೇರಿಯಲ್ಲಿದ್ದವು, ಪರಿಹಾರದ ಹಣವನ್ನು ಸಂತ್ರಸ್ತರಿಗೆ ನೇರವಾಗಿ ಕೊಟ್ಟಿದ್ದರೆ ಎಲ್ಲೂ ಬರೆದಿಲ್ಲದಿರಬಹುದು.

ಈ ಕಾನೂನಿನ ವಿರುದ್ಧದ ಮೊಕದ್ದಮೆ ಫೆಡರಲ್ ನ್ಯಾಯಾಧೀಶ ರಾಬರ್ಟ್ ಹಿಂಕಲ್ ಮುಂದೆ ಬಂತು. ಸಂಶೋಧಕರ ತಂಡವೊಂದು 153 ಜನರ ಹೆಸರನ್ನು ಯಾದೃಚ್ಛಿಕವಾಗಿ ಆರಿಸಿ ಅವರ ಬಾಕಿ ಎಷ್ಟೆಂದು ಹುಡುಕಿ ನೋಡಿತು. ಮೂವರನ್ನು ಬಿಟ್ಟು ಉಳಿದ ಎಲ್ಲರ ದಾಖಲೆಗಳಲ್ಲೂ ಒಂದಕ್ಕೊಂದು ತಾಳೆಯಾಗದ ಅಂಕಿಗಳು. ಓದು ಬಲ್ಲವರು, ಕಂಪ್ಯೂಟರ್ ಬಲ್ಲವರು, ಸಮಯ ಇದ್ದವರು ಕೂತು ಹುಡುಕಿದಾಗಲೇ ಹೀಗೆ. ರಾಜ್ಯದ ಚುನಾವಣಾ ವಿಭಾಗದಲ್ಲಿ ಶಿಕ್ಷೆ ಅನುಭವಿಸಿದವರ 85,000 ನೋಂದಣಿ ಅರ್ಜಿಗಳು ಪರಿಶೀಲನೆಗೆ ಕಾದಿದ್ದವು. 2020ರ ಮೇ 24ರ ತೀರ್ಪಿನಲ್ಲಿ ಹಿಂಕಲ್ ಇದನ್ನು ‘ಹಣ ಕಟ್ಟಿದರೆ ಮತ’ ಎಂಬ ವ್ಯವಸ್ಥೆ ಎಂದು ಕರೆದು, ಕಟ್ಟಲಾಗದವರ ಮಟ್ಟಿಗೆ ಅಸಾಂವಿಧಾನಿಕ ಎಂದರು. ಮತಕ್ಕೆ ತೆರಿಗೆ ಹಾಕುವಂತಿಲ್ಲ ಎಂದು ಅಮೆರಿಕದ ಸಂವಿಧಾನಕ್ಕೆ 1964ರಲ್ಲಿ ಬಂದ 24ನೇ ತಿದ್ದುಪಡಿ ಹೇಳಿದೆಯಲ್ಲ, ಅದೂ ಅವರ ತೀರ್ಪಿನಲ್ಲಿ ಬಂತು. ಆದರೆ ಸೆಪ್ಟೆಂಬರ್ 11ರಂದು ಮೇಲ್ಮನವಿ ನ್ಯಾಯಾಲಯ 6-4ರ ಬಹುಮತದಿಂದ ಆ ತೀರ್ಪನ್ನು ಉರುಳಿಸಿತು. ಅಧ್ಯಕ್ಷೀಯ ಚುನಾವಣೆಗೆ ಆಗ ಎರಡು ತಿಂಗಳೂ ಇರಲಿಲ್ಲ. ಮೀಡ್ ಅವರ ಸಂಘಟನೆ ದೇಣಿಗೆ ಕೂಡಿಸಿ ಜನರ ಬಾಕಿ ಕಟ್ಟಲು ಓಡಾಡಿತು. ನ್ಯೂಯಾರ್ಕ್‌ನ ಮಾಜಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ 1.6 ಕೋಟಿ ಡಾಲರ್‌ನಷ್ಟು ಹಣ ಕೂಡಿಸಿಕೊಟ್ಟರು.

ಅದಾದ ಮೇಲೆ ನಡೆದದ್ದನ್ನು ಓದುವಾಗ ನನಗೆ ತುಂಬ ಸಂಕಟವಾಯಿತು. 2022ರ ಆಗಸ್ಟ್ 18ರಂದು ರಾಜ್ಯದ ಹೊಸ ಚುನಾವಣಾ ಅಪರಾಧ ವಿಭಾಗ 20 ಜನರ ಮೇಲೆ ಮೊಕದ್ದಮೆ ಹೂಡಿದ್ದನ್ನು ರಾಜ್ಯಪಾಲರು ಘೋಷಿಸಿದರು. ಇವರು ಕೊಲೆ ಅಥವಾ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರು, ತಿದ್ದುಪಡಿ ಇವರಿಗೆ ಅನ್ವಯಿಸುತ್ತಿರಲಿಲ್ಲ, ಆದರೂ 2020ರಲ್ಲಿ ಮತ ಹಾಕಿದ್ದರು. ಸಾಬೀತಾದರೆ ಐದು ವರ್ಷದವರೆಗೆ ಜೈಲು. ಪೊಲೀಸರ ಎದೆಗೆ ಸಿಕ್ಕಿಸಿದ ಕ್ಯಾಮೆರಾದ ದೃಶ್ಯಗಳು ಆಮೇಲೆ ಹೊರಬಂದವು. ಮನೆಯ ಮುಂದೆ, ಬೆನ್ನ ಹಿಂದೆ ಕೈಕೋಳ ಹಾಕಿಸಿಕೊಂಡು ನಿಂತ ಒಬ್ಬ ಪೊಲೀಸರನ್ನು ಕೇಳುತ್ತಾನೆ: ನನಗೆ ಮತ ಹಾಕುವ ಹಕ್ಕು ಇಲ್ಲದಿದ್ದರೆ ಯಾಕೆ ಹಾಕಲು ಬಿಟ್ಟಿರಿ? ಪೊಲೀಸರ ಬಳಿಯೂ ಉತ್ತರವಿರಲಿಲ್ಲ. ಇವರಲ್ಲಿ ಹಲವರು ಅರ್ಜಿ ತುಂಬಿದ್ದರು, ಸರ್ಕಾರವೇ ಅವರಿಗೆ ಮತದಾರರ ಕಾರ್ಡ್ ಕಳಿಸಿತ್ತು. ಕಾರ್ಡ್ ಬಂತು ಎಂದರೆ ಹಕ್ಕು ಬಂತು ಎಂದುಕೊಂಡರು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಆ ಕಾರ್ಡಿನ ಮೇಲೆ ಈಗ ಒಂದು ಸಾಲು ಹೊಸದಾಗಿ ಅಚ್ಚಾಗುತ್ತದೆ. ಈ ಕಾರ್ಡ್ ಮಾಹಿತಿಗಾಗಿ ಮಾತ್ರ, ಮತ ಹಾಕುವ ಅರ್ಹತೆಗೆ ಇದು ಕಾನೂನುಬದ್ಧ ದೃಢೀಕರಣವಲ್ಲ ಎಂಬರ್ಥದ ಸಾಲು. 2023ರ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಪರಿಶೀಲಿಸುವ ಹೊಣೆ ಸರ್ಕಾರದ ಹೆಗಲಿನಿಂದ ಇಳಿದು ನಾಗರಿಕನ ಹೆಗಲೇರಿದ್ದು ಇಷ್ಟು ನಿಚ್ಚಳವಾಗಿ ಇನ್ನೆಲ್ಲೂ ಬರೆದಿಟ್ಟಂತಿಲ್ಲ. ನನ್ನ ತಕರಾರು ಇದೇ. ಹಕ್ಕನ್ನು ಕಿತ್ತುಕೊಳ್ಳುವುದು ಸರ್ಕಾರ, ಒಂದೇ ಕ್ಷಣದಲ್ಲಿ. ಅದು ಮರಳಿತೋ ಇಲ್ಲವೋ ಎಂದು ಹೇಳುವ ಕೆಲಸವೂ ಸರ್ಕಾರದ್ದೇ ಆಗಬೇಕು. ತಪ್ಪಾಗಿ ತಿಳಿದುಕೊಂಡರೆ ಜೈಲು ಎಂದಾಗ, ಪೂರ್ತಿ ಹಕ್ಕಿರುವವರೂ ಹೆದರಿ ಮತಗಟ್ಟೆಯ ಕಡೆ ತಲೆಹಾಕುವುದಿಲ್ಲ. ಆ ಸಂಖ್ಯೆ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಹಾಗಾದರೆ ಒಬ್ಬರು ಏನು ಮಾಡಬೇಕು

ಮೊದಲ ಕೆಲಸ ಹಳೆಯ ತೀರ್ಪಿನ ಪ್ರತಿ ಕೈಗೆ ತೆಗೆದುಕೊಳ್ಳುವುದು. ಅದರಲ್ಲಿ ಇರುವುದು ಫೆಲನಿಯೋ ಮಿಸ್‌ಡಿಮೀನರೋ? ಫ್ಲಾರಿಡಾದಲ್ಲಿ ಇನ್ನೊಂದು ವಿಚಾರವೂ ಇದೆ: ಆರೋಪಿ ತಪ್ಪೊಪ್ಪಿಕೊಂಡರೂ ನ್ಯಾಯಾಧೀಶರು ಅಪರಾಧಿ ಎಂದು ಘೋಷಿಸುವುದನ್ನು ತಡೆಹಿಡಿದು ಪ್ರೊಬೇಷನ್ ಕೊಡಬಹುದು. ಹಾಗಾಗಿದ್ದರೆ ಮತದ ಹಕ್ಕು ಹೋಗಿಯೇ ಇರುವುದಿಲ್ಲ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಮತ ಹಾಕದೆ ಕುಳಿತವರಿದ್ದಾರೆ.

ಆಮೇಲೆ, ಶಿಕ್ಷೆ ಕೊಟ್ಟದ್ದು ಯಾವ ರಾಜ್ಯ ಎಂದು ನೋಡಬೇಕು, ಟ್ರಂಪ್ ಪ್ರಕರಣದಲ್ಲಿ ಕಂಡಂತೆ. ಪೆರೋಲ್ ಮತ್ತು ಪ್ರೊಬೇಷನ್ ಮುಗಿದ ಪತ್ರ ಇರಬೇಕು. ಬಾಕಿಯ ಲೆಕ್ಕಕ್ಕೆ ಶಿಕ್ಷೆಯಾದ ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಗೆ ಹೋಗಬೇಕು. ಕಟ್ಟಲಾಗದಿದ್ದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ 2019ರ ಕಾನೂನಿನಡಿ ನ್ಯಾಯಾಧೀಶರು ಆ ಮೊತ್ತವನ್ನು ಶಿಕ್ಷೆಯ ಭಾಗದಿಂದ ತೆಗೆಯಬಹುದು ಅಥವಾ ಸಮುದಾಯ ಸೇವೆಗೆ ಬದಲಿಸಬಹುದು. ಮಯಾಮಿ-ಡೇಡ್ ಕೌಂಟಿಯಲ್ಲಿ ಸರ್ಕಾರಿ ಅಭಿಯೋಜಕರೂ ಕೋರ್ಟೂ ಕೂಡಿ ಇಂಥ ಅರ್ಜಿಗಳನ್ನು ಒಂದೇ ದಿನ ಸಾಲಾಗಿ ಮುಗಿಸುವ ಏರ್ಪಾಡು ಮಾಡಿದ್ದರು. ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಅನುಮಾನ ಉಳಿದರೆ ಫ್ಲಾರಿಡಾ ರಾಜ್ಯದ ಚುನಾವಣಾ ವಿಭಾಗದಿಂದ ಲಿಖಿತ ಅಭಿಪ್ರಾಯ ಕೇಳಬಹುದು. ಅದನ್ನು ನಂಬಿ ಪ್ರಾಮಾಣಿಕವಾಗಿ ನಡೆದುಕೊಂಡವರ ಮೇಲೆ ಕ್ರಿಮಿನಲ್ ಕ್ರಮ ಇಲ್ಲ. ಕೌಂಟರಿನಲ್ಲಿ ಕೂತವರ ಬಾಯಿಮಾತು, ಪ್ರೊಬೇಷನ್ ಅಧಿಕಾರಿಯ ಸಹಿ ಸಾಲದು. ಟೆನೆಸಿಯಲ್ಲಿ ಮಹಿಳೆಯೊಬ್ಬರಿಗೆ ಅಧಿಕಾರಿಯೇ ಅರ್ಹರೆಂದು ಸಹಿ ಹಾಕಿಕೊಟ್ಟಿದ್ದ ಪತ್ರ ತಪ್ಪಾಗಿತ್ತು. ಅದನ್ನು ಸಲ್ಲಿಸಿದ್ದಕ್ಕೆ 2022ರ ಜನವರಿಯಲ್ಲಿ ಅವರಿಗೆ ಆರು ವರ್ಷದ ಶಿಕ್ಷೆಯಾಯಿತು. ದೇಶದಲ್ಲೆಲ್ಲ ಗದ್ದಲವಾದ ಮೇಲೆ ಆ ತೀರ್ಪು ರದ್ದಾಗಿ, ಏಪ್ರಿಲ್‌ನಲ್ಲಿ ಮೊಕದ್ದಮೆ ಕೈಬಿಟ್ಟರು.

ಕೊನೆಯದು, ಜನ ಮರೆಯುವಂಥದ್ದು: ಹಕ್ಕು ಮರಳಿದರೂ ಹೆಸರು ತಾನಾಗಿ ಪಟ್ಟಿಗೆ ಬರುವುದಿಲ್ಲ. ಹೊಸದಾಗಿ ನೋಂದಾಯಿಸಬೇಕು, ಫ್ಲಾರಿಡಾದಲ್ಲಿ ಚುನಾವಣೆಗೆ 29 ದಿನ ಮುಂಚೆ. ಮತದ ಹಕ್ಕು ಬಂದ ಮಾತ್ರಕ್ಕೆ ಉಳಿದ ನಾಗರಿಕ ಹಕ್ಕುಗಳೂ ಬಂದವು ಎಂದಲ್ಲ. ಮೀಡ್ ಅವರಿಗೆ ಮತ ಬಂದದ್ದು 2019ರಲ್ಲಿ, ಜ್ಯೂರಿಯಲ್ಲಿ ಕೂರುವಂಥ ಉಳಿದ ಹಕ್ಕುಗಳು ಬಂದದ್ದು 2021ರಲ್ಲಿ.

ಬೇರೆ ರಾಜ್ಯಗಳ ದಾರಿ ಬೇರೆ. ವರ್ಜೀನಿಯಾದಲ್ಲಿ ಎಲ್ಲವೂ ರಾಜ್ಯಪಾಲರ ಕೈಯಲ್ಲಿತ್ತು. 2016ರಲ್ಲಿ ಟೆರಿ ಮೆಕಾಲಿಫ್ ಒಂದೇ ಆದೇಶದಲ್ಲಿ 2,06,000 ಜನರಿಗೆ ಮತ ಕೊಟ್ಟರೆ, ರಾಜ್ಯದ ಸುಪ್ರೀಂ ಕೋರ್ಟ್ ಒಟ್ಟಾಗಿ ಕೊಡುವಂತಿಲ್ಲ, ಒಬ್ಬೊಬ್ಬರಿಗೇ ಕೊಡಿ ಎಂದಿತು. ಅವರು ಒಂದೊಂದೇ ಆದೇಶ ಹೊರಡಿಸಿದರು. 2023ರ ಹೊತ್ತಿಗೆ ಬೇರೆ ರಾಜ್ಯಪಾಲರು ಬಂದು ಮತ್ತೆ ಪ್ರತಿಯೊಬ್ಬರೂ ಅರ್ಜಿ ಹಾಕಲಿ ಎಂದರು. ಮಿಸಿಸಿಪ್ಪಿಯಲ್ಲಿ ರಾಜ್ಯಪಾಲರ ಕ್ಷಮಾದಾನ ಸಿಗದಿದ್ದರೆ, ಒಬ್ಬ ವ್ಯಕ್ತಿಯ ಹೆಸರಿನಲ್ಲೇ ಮಸೂದೆ ಮಂಡಿಸಿ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆಯಬೇಕು. ಒಬ್ಬ ಮನುಷ್ಯನ ಒಂದು ಓಟಿಗೆ ಒಂದು ಮಸೂದೆ!

ನಮ್ಮಲ್ಲಿ?

ಇಷ್ಟು ಹೇಳಿದ ಮೇಲೆ ಅಮ್ಮ ಕೇಳಿದ ಎರಡನೇ ಪ್ರಶ್ನೆ ಸಹಜವೇ ಆಗಿತ್ತು. ನಮ್ಮಲ್ಲಿ ಹೇಗೆ?

ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಂ ಅಪರಾಧವನ್ನು ನೋಡುವುದಿಲ್ಲ, ಜೈಲಿನ ಗೋಡೆಯನ್ನು ನೋಡುತ್ತದೆ. ಮತದಾನದ ದಿನ ಜೈಲಿನಲ್ಲಿ ಅಥವಾ ಪೊಲೀಸರ ವಶದಲ್ಲಿ ಇರುವವರು ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿ ಇರುವವರಿಗೆ ಮಾತ್ರ ಅಂಚೆ ಮತ ಇದೆ. ಇದರ ಒಳ್ಳೆಯ ಮಗ್ಗುಲು ಎಂದರೆ, ಬಿಡುಗಡೆಯಾದವರು ಯಾರ ಮುಂದೆಯೂ ಕೈಚಾಚಬೇಕಿಲ್ಲ. ಪರಪ್ಪನ ಅಗ್ರಹಾರದಿಂದ ಮತದಾನದ ಹಿಂದಿನ ಸಂಜೆ ಹೊರಬಂದವರು ಮರುದಿನ ಬೆಳಿಗ್ಗೆ ತಮ್ಮ ಬೂತಿನಲ್ಲಿ ಸಾಲಿನಲ್ಲಿ ನಿಲ್ಲಬಹುದು. ಜೈಲಿನಲ್ಲಿದ್ದ ಮಾತ್ರಕ್ಕೆ ಮತಪಟ್ಟಿಯಿಂದ ಹೆಸರು ಹೋಗುವುದಿಲ್ಲ ಎಂದು 2013ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಚುನಾವಣೆಗೇ ಸಂಬಂಧಿಸಿದ ಲಂಚ, ಬೇರೆಯವರ ಹೆಸರಲ್ಲಿ ಮತ ಹಾಕುವುದು ಇಂಥ ಕೆಲವು ಅಪರಾಧಗಳಿಗೆ ಮಾತ್ರ ಆರು ವರ್ಷ ಮತ ಇಲ್ಲ.

ಕೆಟ್ಟ ಮಗ್ಗುಲೂ ಅದೇ ಗೋಡೆಯೇ. ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗೂ ಮತ ಇಲ್ಲ. ಭಾರತದ ಜೈಲುಗಳಲ್ಲಿ ಇರುವವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರೇ. ಜಾಮೀನಿಗೆ ಶ್ಯೂರಿಟಿ ಕೊಡುವವರಿಲ್ಲದೆ ಒಳಗಿರುವವರೂ ಅವರಲ್ಲಿದ್ದಾರೆ. ಅಮೆರಿಕದಲ್ಲಿ ವಿಚಾರಣೆಗೆ ಕಾಯುತ್ತಿರುವವರಿಗೆ ಕಾನೂನು ಪ್ರಕಾರ ಮತ ಇದೆ. 2020ರಲ್ಲಿ ಶಿಕಾಗೋದ ಕುಕ್ ಕೌಂಟಿ ಜೈಲಿನೊಳಗೇ ಮತಗಟ್ಟೆ ತೆರೆದರು. ನಮ್ಮ ಸುಪ್ರೀಂ ಕೋರ್ಟ್ 1997ರಲ್ಲಿ, ಪೊಲೀಸ್ ಬಲ ಸಾಲದು, ಜೈಲಿನಲ್ಲಿರುವವರು ತಮ್ಮ ನಡತೆಯಿಂದಲೇ ಅಲ್ಲಿದ್ದಾರೆ ಎಂಬಂಥ ಕಾರಣಗಳನ್ನು ಕೊಟ್ಟು 62(5)ನ್ನು ಎತ್ತಿಹಿಡಿಯಿತು. ತಪ್ಪೇ ಸಾಬೀತಾಗದವರ ವಿಷಯದಲ್ಲಿ ಈ ಕೊನೆಯ ಕಾರಣ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಇದಕ್ಕಿಂತ ವಿಚಿತ್ರವೆಂದರೆ, ಒಳಗಿರುವ ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ತಿಹಾರ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. ಕೈಗೆ ಬೇಡಿ ಹಾಕಿದ ಅವರ ಫೋಟೋವೇ ಪ್ರಚಾರದ ಪೋಸ್ಟರ್ ಆಗಿತ್ತು. ಜನ ಅವರಿಗೆ ಲಕ್ಷಗಟ್ಟಲೆ ಓಟು ಹಾಕಿದರು, ಜೈಲಿನಿಂದ ಒಂದು ಓಟು ಹಾಕುವ ಹಕ್ಕು ಅವರಂಥ ವಿಚಾರಣಾಧೀನರಿಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಎರಡು ಮಾತು. ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಇರುವವರಿಗೆ ಅಲ್ಲಿನ ಅಧ್ಯಕ್ಷ, ಸಂಸತ್ತು, ರಾಜ್ಯದ ಚುನಾವಣೆಗಳಲ್ಲಿ ಮತವಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರಾಗಿ ನೋಂದಾಯಿಸಲೇ ಎಂದು ಕೇಳಿದರೆ ‘ಹೂಂ’ ಎನ್ನಬೇಡಿ. ಪೌರತ್ವವೇ ಇಲ್ಲದವರು ಮತ ಹಾಕಿದರೆ ಗಡೀಪಾರಿನವರೆಗೆ ಹೋಗಬಹುದು. ಪೌರತ್ವ ಪಡೆದವರ ಮನೆಯಲ್ಲಿ ಯಾರ ಮೇಲಾದರೂ ಕೇಸಾಗಿ, ವಕೀಲರು ತಪ್ಪೊಪ್ಪಿಗೆಯ ಒಪ್ಪಂದ ಮುಂದಿಟ್ಟರೆ, ಎಷ್ಟು ತಿಂಗಳ ಶಿಕ್ಷೆ ಎಂದು ಕೇಳುವ ಜೊತೆಗೆ ಇದು ಫೆಲನಿಯೇ, ನನ್ನ ಮತ ಹೋಗುತ್ತದೆಯೇ, ಹೋದರೆ ಯಾವಾಗ ಬರುತ್ತದೆ ಎಂದೂ ಸಹಿ ಹಾಕುವ ಮೊದಲೇ ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆದು ತೀರ್ಪಿನ ಪ್ರತಿಯ ಜೊತೆಗಿಡಿ. ಹತ್ತು ವರ್ಷದ ಮೇಲೆ ಕ್ಲರ್ಕ್ ಕಚೇರಿಯ ಕೌಂಟರಿನ ಮುಂದೆ ನಿಂತಾಗ ಕೈಯಲ್ಲಿ ಬೇಕಾಗುವುದು ಆ ಎರಡು ಕಾಗದಗಳೇ.